ಕಾಳಿಯನ್ನು ನೋಡಲು ಬಂದವನು

ಕಸ್ತೂರಬಾ ರಸ್ತೆಯಲ್ಲಿ ಕಬ್ಬನ್ ಪಾರ್ಕಿಗೆ ಬೆನ್ನು ಕೊಟ್ಟು ಮೂರು ಕಟ್ಟಡಗಳು ಒಂದರ ಪಕ್ಕ ಒಂದು ನಿಂತಿವೆ: ವೆಂಕಟಪ್ಪ ಚಿತ್ರಶಾಲೆ, ಸರ್ಕಾರಿ ವಸ್ತುಸಂಗ್ರಹಾಲಯ, ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ. ಮೂರಕ್ಕೂ ಒಂದೇ ಸಾಲಿನ ಮರಗಳ ನೆರಳು. ಈ ರಸ್ತೆಯಲ್ಲಿ ಬಸ್ಸು, ಸ್ಕೂಟರು, ಕಾರುಗಳಲ್ಲಿ ದಿನವೂ ಓಡಾಡುವ ಬೆಂಗಳೂರಿಗರಲ್ಲಿ ಎಷ್ಟೋ ಜನ ಶಾಲೆಯ ಪ್ರವಾಸದಲ್ಲಿ ಒಮ್ಮೆ ಒಳಗೆ ಹೋಗಿಬಂದವರು, ಆಮೇಲೆ ಹೋಗದವರು. ಊರು ನೋಡಲು ಬಂದ ನೆಂಟರನ್ನು ಲಾಲ್‌ಬಾಗಿಗೆ ಕರೆದೊಯ್ಯುತ್ತೇವೆ, ವಿಧಾನಸೌಧದ ಎದುರು ನಿಲ್ಲಿಸಿ ಫೋಟೋ ತೆಗೆಯುತ್ತೇವೆ, ಸಂಜೆಗೆ ಯಾವುದಾದರೂ ಮಾಲಿನ ಎಸ್ಕಲೇಟರ್ ಹತ್ತಿಸುತ್ತೇವೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಒಂದು ಊರನ್ನು ನೋಡುವುದಕ್ಕೆ ಒಂದು ಕಾರಣವಿದ್ದರೆ ನೋಟ ಬೇರೆಯದೇ ಆಗುತ್ತದೆ. ನನ್ನ ಗೆಳೆಯ ಅಂಥದೊಂದು ಕಾರಣ ಇಟ್ಟುಕೊಂಡು ಬಂದಿದ್ದ.

ಅದು ಕೊರೊನಾಕ್ಕೆ ಮುಂಚಿನ ಒಂದು ಡಿಸೆಂಬರ್. ಅವನ ಮಗನಿಗೆ ಎಫ್‌ಡಿಎ ಪರೀಕ್ಷೆ. ಮಲ್ಲೇಶ್ವರದ ಶಾಲೆಯೊಂದರಲ್ಲಿ ಕೇಂದ್ರ. ಬೆಳಿಗ್ಗೆ ಒಂದು ಪತ್ರಿಕೆ, ಮಧ್ಯಾಹ್ನ ಇನ್ನೊಂದು. ಅಪ್ಪ ಮಗ ಇಬ್ಬರೂ ಹಿಂದಿನ ಸಂಜೆಯೇ ಮದ್ದೂರಿನಲ್ಲಿ ರೈಲು ಹತ್ತಿ ನಮ್ಮ ಮನೆಗೆ ಬಂದು ತಂಗಿದ್ದರು. ನಾನೂ ಅವನೂ ಮೈಸೂರಿನ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿ ಓದಿದವರು. ಪದವಿ ಮುಗಿದ ಮೇಲೆ ಅವನು ಊರಿಗೆ ಹೋಗಿ ಅಪ್ಪನ ಗದ್ದೆ ಹಿಡಿದ. ಕಬ್ಬು, ಭತ್ತ, ಒಂದಿಷ್ಟು ಹಿಪ್ಪುನೇರಳೆ. ನಾನು ನೌಕರಿ ಹಿಡಿದು ಬೆಂಗಳೂರಿಗೆ ಬಂದೆ. ಮಾತಿನ ಸಲುಗೆ ಮಾತ್ರ ಆಗಿನದೇ.

ರಾತ್ರಿ ಊಟದ ಹೊತ್ತಿಗೆ, "ನಾಳೆ ಇವ್ನು ಪರೀಕ್ಷೆ ಬರೆಯೋತನಕ ಎಲ್ಲಿಗೆ ಹೋಗೋಣ?" ಎಂದು ಕೇಳಿದೆ.

"ನಮ್ಮ ಆತಕೂರಿನ ನಾಯಿಕಲ್ಲು ನಿಮ್ಮ ಮ್ಯೂಸಿಯಮ್ಮಲ್ಲೇ ಐತಂತಲ್ಲಾ. ಅದನ್ನ ತೋರ್ಸ್‌ಬುಡ್ಲಾ, ಸಾಕು" ಎಂದ.

ಆತಕೂರು ಮದ್ದೂರು ತಾಲ್ಲೂಕಿನ ಹಳ್ಳಿ. ಇವನ ಊರು ಅದರ ಆಸುಪಾಸಿನದೇ. ನಾಯಿಗೆ ಕಲ್ಲು ನಿಲ್ಲಿಸಿದ ಕಥೆಯನ್ನು ಚಿಕ್ಕಂದಿನಿಂದ ಕೇಳಿದ್ದ. ಕಲ್ಲನ್ನು ಮಾತ್ರ ನೋಡಿರಲಿಲ್ಲ. ಅದು ಅವನು ಹುಟ್ಟುವುದಕ್ಕೆ ಎಷ್ಟೋ ಮುಂಚೆಯೇ ಬೆಂಗಳೂರು ಸೇರಿತ್ತು.

ಹುಡುಗನನ್ನು ಪರೀಕ್ಷಾ ಕೇಂದ್ರದ ಗೇಟಿನ ಒಳಗೆ ಬಿಟ್ಟು ನಾವು ಮೆಟ್ರೊ ಹಿಡಿದು ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದೆವು. ಭಾನುವಾರ. ರಸ್ತೆಯಲ್ಲಿ ಗಲಾಟೆ ಕಡಿಮೆ. ಮ್ಯೂಸಿಯಮ್ಮಿನ ಕೆಂಪು ಬಣ್ಣ ಮರಗಳ ಸಂದಿನಲ್ಲಿ ಕಾಣುತ್ತಲೇ ಅವನ ನಡಿಗೆ ಚುರುಕಾಯಿತು.

ಈ ಸಂಗ್ರಹಾಲಯ ಶುರುವಾದದ್ದು 1865ರಲ್ಲಿ. ಅದಕ್ಕೆ ಕಾರಣನಾದವನು ಎಡ್ವರ್ಡ್ ಬಾಲ್ಫರ್ ಎಂಬ ಸೇನೆಯ ವೈದ್ಯ. ಮದರಾಸಿನ ಮ್ಯೂಸಿಯಂ ಶುರುಮಾಡಿದವನೂ ಅವನೇ. ಇಲ್ಲಿ ಮೊದಲು ದಂಡಿನ ಪ್ರದೇಶದ ಒಂದು ಹಳೆಯ ಜೈಲು ಕಟ್ಟಡದಲ್ಲಿ ವಸ್ತುಗಳನ್ನು ಇಟ್ಟಿದ್ದರು. ಅಲ್ಲಿಂದ ಮ್ಯೂಸಿಯಂ ಎದ್ದುಬಂದು ನೂರೈವತ್ತು ವರ್ಷವೇ ಆಗುತ್ತ ಬಂದರೂ ಆ ಬೀದಿಗೆ ಮ್ಯೂಸಿಯಂ ರೋಡ್ ಎಂಬ ಹೆಸರು ಹಾಗೇ ಉಳಿದಿದೆ. ಈಗಿರುವ ಕಟ್ಟಡ 1870ರ ದಶಕದ್ದು. ಕಬ್ಬನ್ ಪಾರ್ಕನ್ನು ರೂಪಿಸಿದ ರಿಚರ್ಡ್ ಸ್ಯಾಂಕಿಯದೇ ವಿನ್ಯಾಸ. ಎತ್ತರದ ಕಂಬಗಳು, ಗಾಳಿ ಆಡುವ ಪಡಸಾಲೆ, ಕಾಲಿಗೆ ತಣ್ಣಗೆ ತಾಗುವ ನೆಲ.

ಒಳಗೆ ನೋಡುವುದಕ್ಕೆ ಬೇಕಾದಷ್ಟಿದೆ. ಹಳೇಬೀಡಿನ ಶಿಲ್ಪಗಳಿವೆ, ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗೆದು ತೆಗೆದ ಮಡಕೆ ನಾಣ್ಯಗಳಿವೆ, ಮೈಸೂರು ಶೈಲಿಯ ಚಿತ್ರಗಳಿವೆ, ಕೊಡಗಿನ ಆಯುಧಗಳಿವೆ. ಎಲ್ಲವನ್ನೂ ಒಂದೇ ದಿನ ನೋಡಿಬಿಡಬೇಕೆಂದು ಹೊರಟವರು ಕೊನೆಗೆ ಏನನ್ನೂ ನೋಡಿರುವುದಿಲ್ಲ. ಕಣ್ಣಿಗೂ ಒಂದು ಹಸಿವಿನ ಮಿತಿ ಇದೆ. ನನ್ನ ಗೆಳೆಯನಿಗೆ ಇದನ್ನು ಹೇಳಿಕೊಡಬೇಕಾಗಿರಲಿಲ್ಲ. ಹೊಯ್ಸಳರ ದೇವತೆಗಳಿಗೆ ಒಂದು ನಮಸ್ಕಾರ ಹಾಕಿ, ಮುಂದೆ ಮುಂದೆ ನಡೆದು, ವೀರಗಲ್ಲುಗಳಿದ್ದ ಕಡೆ ಬಂದು ನಿಂತ.

ಮೊದಲು ಕಂಡದ್ದು ಬೇಗೂರಿನ ಕಲ್ಲು. ಬೇಗೂರು ಈಗ ಬೆಂಗಳೂರಿನೊಳಗೆ ಸೇರಿಹೋದ ಊರು. ಹೊಸೂರು ರಸ್ತೆಯ ಪಕ್ಕದಲ್ಲಿ ಅಪಾರ್ಟ್‌ಮೆಂಟುಗಳ ನಡುವೆ ಅದರ ನಾಗೇಶ್ವರ ಗುಡಿ ಇದೆ. ಗಂಗರ ಕಾಲದಲ್ಲಿ ಅಲ್ಲಿ ನಾಗತ್ತರ ಎಂಬ ಅಧಿಕಾರಿಯಿದ್ದ. ಒಡೆಯ ಎರೆಯಪ್ಪನ ಅಪ್ಪಣೆಯಂತೆ ಯುದ್ಧಕ್ಕೆ ಹೋಗಿ ಮಡಿದ. ಆ ಕಾಳಗವನ್ನೇ ಕಲ್ಲಿನ ಮೇಲೆ ಕೆತ್ತಿದ್ದಾರೆ. ಆನೆ, ಕುದುರೆ, ಎತ್ತಿದ ಕತ್ತಿ, ಬಿದ್ದ ಹೆಣ, ಒಂದರ ಮೇಲೊಂದು ಒತ್ತಿಕೊಂಡು ಬೆರಳಿಡಲು ಜಾಗವಿಲ್ಲದಷ್ಟು. ಐಟಿ ಕಂಪನಿಗಳಿಗೆ ಹೋಗುವ ಹುಡುಗರು ದಿನವೂ ಟ್ರಾಫಿಕ್ಕಿನಲ್ಲಿ ಕಾಯುವ ಸೀಮೆಯಿಂದ ಬಂದ ಕಲ್ಲು ಇದು. ಅದೇ ಬೇಗೂರಿನ ಗುಡಿಯಲ್ಲಿರುವ ಇನ್ನೊಂದು ವೀರಗಲ್ಲಿನಲ್ಲಿ ಬೆಂಗಳೂರು ಎಂಬ ಹೆಸರು ಬರುತ್ತದೆ. ಕೆಂಪೇಗೌಡರು ಕೋಟೆ ಕಟ್ಟುವುದಕ್ಕೆ ಆರು ಶತಮಾನಕ್ಕೂ ಮುಂಚೆ.

"ಅಂದ್ರೆ ಬೆಂಗ್ಳೂರೂ ಒಂದು ಹಳ್ಳೀನೆ ಅನ್ನು" ಎಂದ.

ಆಮೇಲೆ ಆತಕೂರಿನ ನಾಯಿ ಕಾಳಿಯ ಕಲ್ಲು.

ಅವನು ಏನೂ ಮಾತಾಡಲಿಲ್ಲ. ಚಪ್ಪಲಿ ಬಿಟ್ಟ. ಕಾವಲಿನವರು ಒಮ್ಮೆ ನೋಡಿ ಸುಮ್ಮನಾದರು.

ಕಲ್ಲಿನಲ್ಲಿ ಒಂದು ಹಂದಿ, ಒಂದು ನಾಯಿ. ಮುಖಕ್ಕೆ ಮುಖ ಕೊಟ್ಟು ಬಿದ್ದಿವೆ. ಸುತ್ತ ಹಳಗನ್ನಡದ ಅಕ್ಷರಗಳು, ಗುಂಡಗೆ, ಒತ್ತಾಗಿ. ವೀರಗಲ್ಲು ಎಂದರೆ ಸಾಮಾನ್ಯವಾಗಿ ಮೂರು ಅಂತಸ್ತು ಇರುತ್ತದೆ: ಕೆಳಗೆ ಯುದ್ಧ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ಇಲ್ಲಿ ಅದೇನೂ ಇಲ್ಲ. ಎರಡು ಪ್ರಾಣಿಗಳ ಹೋರಾಟ ಅಷ್ಟೇ. ಅದಕ್ಕೇ ಅದರ ಮುಂದೆ ನಿಂತವರಿಗೆ ಬೇರೆ ಕಡೆ ನೋಡಲು ಆಗುವುದಿಲ್ಲ.

ಈ ಕಲ್ಲಿನ ಪಾಠವನ್ನು ನಾನು ಓದಿಕೊಂಡಿದ್ದೆ. ಬಿ.ಎಲ್. ರೈಸ್ ಬೆಳಕಿಗೆ ತಂದ ಶಾಸನ ಇದು. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ರೈಸ್, ಮೈಸೂರು ಸೀಮೆಯ ಹಳ್ಳಿಹಳ್ಳಿಯ ಕಲ್ಲುಗಳನ್ನು ಓದಿಸಿ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಅಚ್ಚುಹಾಕಿಸಿದ ಪುಣ್ಯಾತ್ಮ. ಅವರಿಲ್ಲದಿದ್ದರೆ ಇಂಥ ಎಷ್ಟು ಕಲ್ಲುಗಳು ಬಟ್ಟೆ ಒಗೆಯುವ ಬಂಡೆಗಳಾಗಿ ಸವೆದುಹೋಗುತ್ತಿದ್ದವೋ. ನೆನಪಿದ್ದಷ್ಟನ್ನು ನಾನು ಹೇಳುತ್ತ ಹೋದೆ, ಅವನು ಕಲ್ಲಿನಿಂದ ಕಣ್ಣು ತೆಗೆಯದೆ ಕೇಳಿದ.

ಕ್ರಿ.ಶ. 949ರ ಸುಮಾರು. ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ಯುದ್ಧ. ಅದು ಈಗಿನ ತಮಿಳುನಾಡಿನ ಅರಕ್ಕೋಣಂ ಹತ್ತಿರದ ಊರು. ಕೃಷ್ಣನ ಪರವಾಗಿ ಹೋದ ಗಂಗ ದೊರೆ ಇಮ್ಮಡಿ ಬೂತುಗ, ಚೋಳ ರಾಜಕುಮಾರ ರಾಜಾದಿತ್ಯನನ್ನು ಕೊಂದ. ಮೆಚ್ಚಿದ ಕೃಷ್ಣ ಅವನಿಗೆ ಬನವಾಸಿ ಹನ್ನೆರಡು ಸಾವಿರ, ಬೆಳ್ವೊಲ ಮುನ್ನೂರು ಮುಂತಾದ ನಾಡುಗಳನ್ನು ಕೊಟ್ಟ. ಆ ಯುದ್ಧದಲ್ಲಿ ಬೂತುಗನ ಆಳು ಮಣಲೆರನೂ ಚೆನ್ನಾಗಿ ಕಾದಿದ್ದ. ಒಡೆಯನಿಗೆ ಸಂತೋಷವಾಗಿ, "ಏನು ಬೇಕೋ ಬೇಡು" ಎಂದ. ಮಣಲೆರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು.

"ಊರು ಕೇಳ್ನಿಲ್ವಾ?"

"ಊರೂ ಸಿಕ್ತು. ಆತಕೂರು ಹನ್ನೆರಡು ಅವನಿಗೆ ಬಾಳ್ಗಚ್ಚು. ಅಂದ್ರೆ ಕತ್ತಿ ತೊಳೆದ ಗೌರವಕ್ಕೆ ಕೊಡೋ ದತ್ತಿ. ಆದ್ರೆ ಬಾಯಿಬಿಟ್ಟು ಕೇಳಿದ್ದು ನಾಯೀನ."

ಆಮೇಲಿನದು ಈ ಕಲ್ಲಿನಲ್ಲಿ ಕಾಣುವುದೇ. ಕೆಳಲೆನಾಡಿನ ಬೆಳ್ತೂರಿನ ಪಡುವಣದಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ಹಂದಿಯೂ ನಾಯಿಯೂ ಒಂದನ್ನೊಂದು ಕೊಂದು ಒಟ್ಟಿಗೆ ಸತ್ತವು. ಆತಕೂರಿನ ಚೆಲ್ಲೇಶ್ವರ ಗುಡಿಯ ಮುಂದೆ ಈ ಕಲ್ಲನ್ನು ನಿಲ್ಲಿಸಿ, ದಿನವೂ ಪೂಜೆ ನಡೆಯಲೆಂದು ಕೆರೆಯ ಕೆಳಗಿನ ಭೂಮಿ ಬಿಟ್ಟರು. ಪೂಜೆಯ ಹೊಣೆ ಗುಡಿಯ ಗೊರವನದು. ಕಲ್ಲಿಗೆ ಪೂಜೆ ಮಾಡದೆ ಅವನು ಉಂಡರೆ ಆ ನಾಯಿಯ ಪಾಪ ಅವನಿಗೆ ಬರಲಿ ಎಂದು ಬರೆಸಿದ್ದಾರೆ.

ಸ್ವಲ್ಪ ಹೊತ್ತು ಬಿಟ್ಟು ಅವನು ಮಾತಾಡಿದ. ನಾನು ಹೇಳಿದ ಯುದ್ಧ, ದೊರೆಗಳ ವಿಷಯವಲ್ಲ, ಹಂದಿಯ ವಿಷಯ. ಈಗಲೂ ಅವರ ಕಡೆ ಕಬ್ಬಿನ ಗದ್ದೆಗೆ ಹಂದಿ ನುಗ್ಗುತ್ತದೆ. ತಿನ್ನುವುದು ಕಡಿಮೆ, ತುಳಿದು ಮುರಿದು ಹಾಳುಮಾಡುವುದೇ ಹೆಚ್ಚು. ಮರಿ ಹಾಕಿದ ಹೆಣ್ಣುಹಂದಿಯಾದರೆ ಮನುಷ್ಯನ ಮೇಲೇ ಬರುತ್ತದೆ. ರಾತ್ರಿ ತಮಟೆ ಹೊಡೆದುಕೊಂಡು, ಪಟಾಕಿ ಹಚ್ಚಿಕೊಂಡು ಕಾಯಬೇಕು. ಅವನ ಅಪ್ಪನ ಕಾಲದಲ್ಲಿ ಮನೆಯಲ್ಲಿ ಒಂದು ಕಂದು ನಾಯಿಯಿತ್ತಂತೆ. ಹಂದಿಯ ವಾಸನೆ ಬಂದರೆ ಬೊಗಳದೆ ಹೋಗುತ್ತಿತ್ತಂತೆ.

"ಬೊಗಳೋ ನಾಯಿ ದೂರ ನಿಂತ್ಕತ್ತದೆ ಕಣ್ಲಾ. ಬೊಗಳ್ದೆ ಹೋಗೋದು ಹತ್ರುಕ್ಕೆ ಹೋಗಿ ಮುಸುಡೀನೇ ಹಿಡೀತದೆ. ನೋಡು, ಇದೂ ಅಂಗೇ ಹೋಗೈತೆ. ಕೆತ್ತಿರೋನು ಕಣ್ಣಾರೆ ನೋಡವ್ನೆ."

ಶಾಸನದ ಕಾಲ, ವಂಶ, ಲಿಪಿ ಎಲ್ಲವನ್ನೂ ಪಂಡಿತರು ಬರೆದಿದ್ದಾರೆ. ಆ ಓದಿಗೆ ನಾನು ಕೈಮುಗಿಯುತ್ತೇನೆ. ಆದರೆ ಅದನ್ನು ಕೆತ್ತಿದವನು ಕಣ್ಣಾರೆ ನೋಡಿದ್ದ ಎನ್ನುವ ಮಾತು ಹಂದಿ ಕಾದವನ ಬಾಯಿಂದಲೇ ಬರಬೇಕಿತ್ತು. ಇಂಥವನ ಜೊತೆ ನಿಂತಾಗಲೇ ಮ್ಯೂಸಿಯಮ್ಮಿನ ಕಲ್ಲು ತನ್ನ ಊರಿನ ನೆಲದ ಮೇಲೆ ನಿಂತ ಹಾಗೆ ಆಗುವುದು. ಗೈಡು, ಆಡಿಯೊ ಯಂತ್ರ ಎಲ್ಲ ಇರಲಿ. ಕಲ್ಲಿನ ಊರಿನವನೊಬ್ಬ ಪಕ್ಕದಲ್ಲಿದ್ದರೆ ಅದರ ಸುಖವೇ ಬೇರೆ.

"ಇದಕ್ಕೆ ಸ್ವರ್ಗ ಕೆತ್ತಿಲ್ವಲ್ಲ?" ಎಂದು ಕೇಳಿದ.

"ಇಲ್ಲ."

"ಬೇಡ ಬುಡು. ದಿನಾ ಪೂಜೆ ಮಾಡಿ ಅಂದವ್ರಲ್ಲ. ಗೊರವನಿಗಿಂತ ಮುಂಚೆ ಇದಕ್ಕೆ. ಅಷ್ಟು ಯಾವ ರಾಜ ಯಾರ್ಗ್ ಮಾಡವ್ನೆ?"

ಅಲ್ಲಿಂದ ಹೊರಡುವಷ್ಟರಲ್ಲಿ ಹನ್ನೆರಡು ದಾಟಿತ್ತು.

ಪಕ್ಕದ ವೆಂಕಟಪ್ಪ ಚಿತ್ರಶಾಲೆಗೆ ಹೋದಾಗ ಅಲ್ಲಿ ಜನವೇ ಇರಲಿಲ್ಲ. ಕೆ. ವೆಂಕಟಪ್ಪ ಹುಟ್ಟಿದ್ದು 1886ರಲ್ಲಿ, ಮೈಸೂರು ಅರಮನೆಗೆ ಚಿತ್ರ ಬರೆಯುತ್ತಿದ್ದವರ ಮನೆತನದಲ್ಲಿ. ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಬಳಿ ಕಲಿತರು. ಮೈಸೂರಿಗೆ ಹಿಂತಿರುಗಿ ವೀಣೆ ಶೇಷಣ್ಣನವರ ಶಿಷ್ಯರಾಗಿ ಎಷ್ಟೋ ವರ್ಷ ವೀಣೆ ಅಭ್ಯಾಸ ಮಾಡಿದರು. ಆ ಹುಚ್ಚನ್ನೇ ವಸ್ತು ಮಾಡಿಕೊಂಡು ಒಂದು ಚಿತ್ರವನ್ನೂ ಬರೆದರು. ಮದುವೆಯಾಗಲಿಲ್ಲ. ಚಿತ್ರ, ವೀಣೆ ಎರಡೇ ಅವರ ಸಂಸಾರ. 1965ರಲ್ಲಿ ತೀರಿಕೊಂಡರು.

ಅವರ ಊಟಿಯ ಜಲವರ್ಣಗಳನ್ನು ನೋಡುವುದಕ್ಕೆ ಹತ್ತಿರ ಹೋಗಬೇಕು, ಹಾಗೆಯೇ ದೂರ ಸರಿಯಬೇಕು. ಹತ್ತಿರದಿಂದ ಮಂಜು ಇರುವಲ್ಲಿ ಬಣ್ಣವೇ ಇಲ್ಲ ಎನ್ನಿಸುತ್ತದೆ. ಕಾಗದದ ಬಿಳುಪನ್ನೇ ಉಳಿಸಿಕೊಂಡಿದ್ದಾರೆ. ಎರಡು ಹೆಜ್ಜೆ ಹಿಂದೆ ಬಂದರೆ ಅದೇ ಬಿಳುಪು ಗುಡ್ಡದ ಸಂದಿನಿಂದ ಮೇಲಕ್ಕೆ ಏಳುತ್ತಿರುತ್ತದೆ. ನನ್ನ ಗೆಳೆಯ ಮೋಡಗಳಿದ್ದ ಒಂದು ಚಿತ್ರದ ಮುಂದೆ ಬಹಳ ಹೊತ್ತು ನಿಂತ. "ಇದು ಹುಯ್ಯೋ ಮೋಡ ಅಲ್ಲ, ಮಧ್ಯಾಹ್ನದ ಹೊತ್ತಿಗೆ ಬುಟ್ಕೊಡ್ತದೆ" ಎಂದ. ಮೋಡ ನೋಡಿ ಬಿತ್ತನೆಯ ದಿನ ಗೊತ್ತುಮಾಡುವವನ ತೀರ್ಪು. ವೆಂಕಟಪ್ಪನವರು ಬೆಟ್ಟದ ಚಳಿಯಲ್ಲಿ ಕೂತು ಬೆಳಕು ಬದಲಾಗುವುದನ್ನು ಕಾಯುತ್ತಿದ್ದವರು. ಅವರು ಇದ್ದಿದ್ದರೆ ಈ ಮಾತಿಗೆ ತಲೆದೂಗುತ್ತಿದ್ದರು ಎಂದೇ ನನ್ನ ನಂಬಿಕೆ.

ಊಟಕ್ಕೆ ಲ್ಯಾವೆಲ್ಲೆ ರಸ್ತೆಯ ಪಕ್ಕದ ಏರ್‌ಲೈನ್ಸ್ ಹೋಟೆಲ್ಲಿಗೆ ಹೋದೆವು. ದೊಡ್ಡ ಮರದ ಕೆಳಗೆ ಬಯಲಿನಲ್ಲಿ ಕುರ್ಚಿ ಮೇಜು. ಮಸಾಲೆ ದೋಸೆ ಹೇಳಿ ಕೂತೆವು. ಮಾಣಿ ಎರಡು ಲೋಟ ನೀರು ತಂದಿಟ್ಟ. ಇವನು ಒಂದು ಗುಟುಕು ಕುಡಿದು, "ಇದು ನಮ್ಮನೆ ನೀರು" ಎಂದ.

ಅದು ಅಕ್ಷರಶಃ ನಿಜ. ಬೆಂಗಳೂರಿಗೆ ಕಾವೇರಿ ನೀರು ಬರುವುದು ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ. ಇವನ ಪಕ್ಕದ ತಾಲ್ಲೂಕು. 1974ರಲ್ಲಿ ಮೊದಲ ಹಂತ ಶುರುವಾಯಿತು. ಅಲ್ಲಿ ಶುದ್ಧ ಮಾಡಿ, ಅಲ್ಲಿಂದ ಒಮ್ಮೆ, ಹಾರೋಹಳ್ಳಿಯಲ್ಲಿ ಒಮ್ಮೆ, ತಾತಗುಣಿಯಲ್ಲಿ ಮತ್ತೊಮ್ಮೆ ಪಂಪುಮಾಡಿ, ಸುಮಾರು ನೂರು ಕಿಲೋಮೀಟರ್ ದೂರ, ಹತ್ತಿರ ಹತ್ತಿರ 500 ಮೀಟರ್ ಎತ್ತರ ಏರಿಸಿ ತರುತ್ತಾರೆ. ನದಿ ಕೆಳಗೆ ಹರಿಯುತ್ತದೆ, ಊರು ದಿಬ್ಬದ ಮೇಲಿದೆ. ಹೆಸರಘಟ್ಟದಿಂದ 1890ರ ದಶಕದಲ್ಲಿ ಮೊದಲ ಕೊಳಾಯಿ ನೀರು ಬಂತು, 1933ರಲ್ಲಿ ತಿಪ್ಪಗೊಂಡನಹಳ್ಳಿಯ ನೀರು ಬಂತು. ಎರಡೂ ಸಾಲದಾಗಿ ಕೊನೆಗೆ ಕಾವೇರಿಯನ್ನೇ ಏರಿಸಿದರು.

ಈ ಲೆಕ್ಕವನ್ನೆಲ್ಲ ನಾನು ಹೇಳಿದಾಗ ಅವನ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. ಕಾವೇರಿಯ ವಿಷಯದಲ್ಲಿ ಮಂಡ್ಯದವರು ಬೀದಿಗಿಳಿದದ್ದನ್ನು, ಹೆದ್ದಾರಿಯಲ್ಲಿ ಕೂತದ್ದನ್ನು ನಾವೆಲ್ಲ ಕಂಡಿದ್ದೇವೆ, ಇವನೂ ಕೂತವನೇ. "ಕುಡಿಯೋ ನೀರಿಗೆ ಯಾರ್ಲಾ ಬ್ಯಾಡ ಅಂತಾರೆ? ಎಲ್ಲಿಂದ ಬತ್ತದೆ ಅನ್ನೋದು ಗೊತ್ತಿದ್ರೆ ಸಾಕು" ಎಂದ. ನನಗೂ ಅಷ್ಟೇ ಅನ್ನಿಸುತ್ತದೆ. ನಲ್ಲಿ ತಿರುಗಿಸುವ ಪ್ರತಿ ಮನೆಯ ಮಕ್ಕಳಿಗೂ ತೊರೆಕಾಡನಹಳ್ಳಿ ಎಂಬ ಹೆಸರು ಬಾಯಿಪಾಠ ಬರಬೇಕು. ಇದರಷ್ಟು ಹತ್ತಿರದ ಭೂಗೋಳ ಪಾಠ ಬೇರೆ ಯಾವುದಿದೆ?

ಊಟ ಮುಗಿಸಿ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿಗೆ ಬಂದೆವು. 1962ರಲ್ಲಿ ನೆಹರೂ ಕಟ್ಟಡವನ್ನು ಉದ್ಘಾಟಿಸಿದ್ದು, 1965ರಲ್ಲಿ ಜನರಿಗೆ ಬಾಗಿಲು ತೆರೆದದ್ದು. ಅಂಗಳದಲ್ಲಿ ಮರುತ್ ವಿಮಾನ ನಿಂತಿದೆ. ಜರ್ಮನಿಯ ಕುರ್ಟ್ ಟ್ಯಾಂಕ್ ಮುಂದಾಳತ್ವದಲ್ಲಿ ಇದೇ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿನ್ಯಾಸಗೊಂಡು, 1961ರಲ್ಲಿ ಮೊದಲು ಹಾರಿ, 1971ರ ಯುದ್ಧದಲ್ಲಿ ಕೆಲಸ ಮಾಡಿದ ವಿಮಾನ. ಒಳಗೆ ರೈಟ್ ಸಹೋದರರ ವಿಮಾನದ ಪೂರ್ಣ ಗಾತ್ರದ ಪ್ರತಿಕೃತಿ ಇದೆ. ಭಾನುವಾರವಾದ್ದರಿಂದ ಮಕ್ಕಳ ಗದ್ದಲ ಹೇಳತೀರದು. ಪಕ್ಕದ ಕಟ್ಟಡದ ಮೌನದಿಂದ ಬಂದವರಿಗೆ ಈ ಗದ್ದಲವೂ ಹಿತವಾಗಿತ್ತು. ಎಲ್ಲವನ್ನೂ ಮುಟ್ಟಬಹುದು, ಗುಂಡಿ ಒತ್ತಬಹುದು, ಹಿಡಿ ತಿರುಗಿಸಬಹುದು ಎಂದರೆ ಯಾವ ಮಗು ಸುಮ್ಮನಿದ್ದೀತು!

ವಿದ್ಯುತ್ತಿನ ವಿಭಾಗದಲ್ಲಿ ಒಬ್ಬ ಪುಟ್ಟ ಹುಡುಗಿ ಒಂದು ಹಿಡಿಯನ್ನು ತಿರುಗಿಸಲು ಹೆಣಗಾಡುತ್ತಿದ್ದಳು. ಆಯಸ್ಕಾಂತ, ತಾಮ್ರದ ಸುರುಳಿ; ವೇಗವಾಗಿ ತಿರುಗಿಸಿದರೆ ಬಲ್ಬು ಹೊತ್ತುತ್ತದೆ. ಇವನು ಕೈ ಸೇರಿಸಿದ. ಬಲ್ಬು ಮಿಣುಕಿ, ಕೆಂಪಾಗಿ, ಆಮೇಲೆ ಬೆಳ್ಳಗೆ ಉರಿಯಿತು. ಹುಡುಗಿ ಚಪ್ಪಾಳೆ ತಟ್ಟಿದಳು.

"ಶಿವನಸಮುದ್ರದಲ್ಲಿ ಈ ಹಿಡಿ ತಿರುಗ್ಸೋದು ನದಿ ಕಣಮ್ಮ" ಎಂದು ಅವಳಿಗೆ ಹೇಳಿದ.

ಬೆಳಿಗ್ಗೆಯಿಂದ ನಾವು ನಡೆದದ್ದೆಲ್ಲ ಒಂದೇ ದಾರಿ ಎಂದು ನನಗೆ ಆಗ ಹೊಳೆಯಿತು. ಶಿವನಸಮುದ್ರವೂ ಮಳವಳ್ಳಿ ತಾಲ್ಲೂಕಿನದೇ. ಅಲ್ಲಿ ತಯಾರಾದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿ.ಮೀ. ತಂತಿಯ ಮೇಲೆ ಕೋಲಾರದ ಚಿನ್ನದ ಗಣಿಗೆ ಹೋಯಿತು. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ಲೈನುಗಳಲ್ಲಿ ಒಂದು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂತು. ಸೀಮೆಎಣ್ಣೆ ದೀಪದ ಊರು ವಿದ್ಯುತ್ ದೀಪದ ಊರಾದದ್ದು ಕಾವೇರಿ ಧುಮುಕಿದ ರಭಸದಿಂದ. ಬೆಂಗಳೂರಿಗೆ ಕಾವೇರಿಯ ಬೆಳಕು ಮೊದಲು ಬಂದು, ನೀರು ಬರುವುದಕ್ಕೆ ಇನ್ನೂ ಸುಮಾರು ಎಪ್ಪತ್ತು ವರ್ಷ ಹಿಡಿಯಿತು.

ಗೆಳೆಯ ತನ್ನ ಪಂಪ್‌ಸೆಟ್ಟಿನ ವಿಷಯ ಹೇಳಿದ. ಅದಕ್ಕೆ ತ್ರೀ ಫೇಸ್ ಕರೆಂಟು ಎಷ್ಟೋ ಸಲ ರಾತ್ರಿ ಹೊತ್ತಿನಲ್ಲೇ ಬರುತ್ತದೆ. ಎರಡು ಗಂಟೆಗೆ ಎದ್ದು, ಟಾರ್ಚು ಹಿಡಿದು, ಹಾವು ಹಂದಿಗಳ ನಡುವೆ ಗದ್ದೆಗೆ ಹೋಗಿ ಸ್ಟಾರ್ಟರ್ ಒತ್ತಿ, ಮಡಿಕಟ್ಟಿ ನೀರು ತಿರುಗಿಸಿ ಬರಬೇಕು. "ಪಕ್ಕದಲ್ಲೇ ಹುಟ್ಟಿದ್ದು, ನಮ್ಮನೆ ಬಾಗ್ಲಿಗೆ ನಡುರಾತ್ರೀಲಿ ಬತ್ತದೆ" ಎಂದ. ದೂರಿನ ದನಿಯಲ್ಲಿ ಹೇಳಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಕೇಳಿ ನನ್ನ ಮನಸ್ಸು ಭಾರವಾಯಿತು. ಬೀದಿದೀಪಗಳು ಬೆಳಗಿನವರೆಗೆ ಉರಿಯುವ ಊರಿನಲ್ಲಿ ಇರುವವರಿಗೆ ಈ ನಡುರಾತ್ರಿಯ ಗದ್ದೆ ಕಾಣುವುದಿಲ್ಲ, ಕಾಣಬೇಕು.

ಅಲ್ಲಿಂದ ಹಿಂಬದಿಯ ದಾರಿಯಲ್ಲಿ ಪಾರ್ಕಿನೊಳಗೆ ನಡೆದೆವು. ಕೇಂದ್ರ ಗ್ರಂಥಾಲಯದ ಕೆಂಪು ಕಟ್ಟಡದ ಮುಂದೆ ಗುಲಾಬಿ ತೋಟ. ಕಟ್ಟಡದ ಹೆಸರು ಶೇಷಾದ್ರಿ ಅಯ್ಯರ್ ಸ್ಮಾರಕ ಭವನ. ಎದುರಿಗೆ ಅವರದೇ ಪ್ರತಿಮೆ. ಪಾರ್ಕಿಗೆ ಬರುವವರು ಪ್ರತಿಮೆಯ ನೆರಳಿನಲ್ಲಿ ಕಡಲೆಕಾಯಿ ತಿಂದು ಹೋಗುತ್ತಾರೆ, ಹೆಸರು ಓದುವವರು ಕಡಿಮೆ. 1883ರಿಂದ 1901ರವರೆಗೆ ಮೈಸೂರಿನ ದಿವಾನರಾಗಿದ್ದವರು. ಶಿವನಸಮುದ್ರದ ವಿದ್ಯುತ್ ಯೋಜನೆಗೆ ಕೈಹಾಕಿದ್ದು ಅವರ ಕಾಲದಲ್ಲೇ. ಹೆಸರಘಟ್ಟದ ನೀರು ಬಂದದ್ದೂ ಅವರಿದ್ದಾಗಲೇ. ಆದರೆ ಅವರು 1901ರಲ್ಲಿ ತೀರಿಕೊಂಡರು. ಶಿವನಸಮುದ್ರದ ವಿದ್ಯುತ್ತು ಹರಿದದ್ದು ಮರುವರ್ಷ. ಇದನ್ನು ಹೇಳಿದಾಗ ಅವನು ಪ್ರತಿಮೆಯ ಮುಖವನ್ನು ನೋಡುತ್ತ, "ತಾವು ನೆಟ್ಟ ತೆಂಗಿನ ಎಳನೀರು ತಾವು ಕುಡೀನಿಲ್ಲ" ಎಂದ.

ಬೆಂಚಿನ ಮೇಲೆ ಕೂತೆವು. ಬಿಸಿಲು ಇಳಿಯುತ್ತಿತ್ತು. ಅವನು ಮೊಬೈಲು ತೆಗೆದು ಕಾಳಿಯ ಕಲ್ಲಿನ ಫೋಟೋ ದೊಡ್ಡದು ಮಾಡಿ ನೋಡಿದ. ಕಾವಲಿನವರನ್ನು ಕೇಳಿಯೇ ತೆಗೆದದ್ದು. ಆ ಕಲ್ಲನ್ನು ಊರಿಗೆ ವಾಪಸು ಕೊಡಬೇಕೆಂದು ಅನ್ನಿಸುತ್ತದೆಯೇ ಎಂದು ಕೇಳಿದೆ. ಈ ಪ್ರಶ್ನೆ ಬೆಳಿಗ್ಗೆಯಿಂದ ನನ್ನನ್ನು ಕಾಡುತ್ತಿತ್ತು. ಊರಲ್ಲೇ ಉಳಿದ ವೀರಗಲ್ಲುಗಳು ಏನಾಗಿವೆ ಎಂಬುದನ್ನು ನಾನು ಕಂಡಿದ್ದೇನೆ. ಕೆಲವಕ್ಕೆ ಈಗಲೂ ಅರಿಶಿನ ಕುಂಕುಮ ಇದೆ, ಕೆಲವು ಚರಂಡಿಗೆ ಚಪ್ಪಡಿಯಾಗಿವೆ, ಕೆಲವು ರಸ್ತೆ ಅಗಲ ಮಾಡುವಾಗ ಮಾಯವಾಗಿವೆ. ಮ್ಯೂಸಿಯಂ ಈ ಕಲ್ಲನ್ನು ಉಳಿಸಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಗುಡಿಯ ಮುಂದೆ ನಿಲ್ಲಿಸಿ ದಿನವೂ ಪೂಜೆಯಾಗಲಿ ಎಂದು ಭೂಮಿ ಬಿಟ್ಟವರ ಆಸೆಯೂ ಅದರ ಮೈಮೇಲೆಯೇ ಇದೆ.

ಅವನು ಯೋಚಿಸಿ ಉತ್ತರ ಕೊಟ್ಟ. "ಅಲ್ಲಿದ್ದಿದ್ರೆ ಬಿಸ್ಲು ಮಳೆಗೆ ಇಷ್ಟೊತ್ಗೆ ಅಕ್ಷರ ಹೋಗಿರೋದು. ಇಲ್ಲಿರ್ಲಿ. ಆದ್ರೆ ನಮ್ ಹೈಕ್ಳು ಇಲ್ಲಿಗೆ ಬರ್ಬೇಕು. ಸ್ಕೂಲ್ನವ್ರು ಟೂರು ಅಂತ ವಂಡರ್‌ಲಾಗೆ ಕರ್ಕೊಂಡ್ ಬತ್ತಾರಲ್ಲ, ಅಂಗೇ ಒಂದ್ ಗಂಟೆ ಇಲ್ಲಿಗೂ ತಂದು ನಿಲ್ಲುಸ್ಬೇಕು. ಇದು ನಿಮ್ಮದು ಕಣ್ರೋ ಅಂತ ಯೋಳ್ಬೇಕು."

ನನಗೆ ಇದಕ್ಕಿಂತ ಒಳ್ಳೆಯ ಉತ್ತರ ಗೊತ್ತಿಲ್ಲ. ಈ ಕಟ್ಟಡದಲ್ಲಿ ಇರುವುದೆಲ್ಲ ಒಂದಲ್ಲ ಒಂದು ಊರಿನದು. ಹಳೇಬೀಡಿನವರದು, ಚಿತ್ರದುರ್ಗದವರದು, ಬೇಗೂರಿನವರದು, ಕೊಡಗಿನವರದು. ಊರಿನವರೇ ಬಂದು ನೋಡಿದರೆ ಮಾತ್ರ ಆ ಸಂಬಂಧ ಕಡಿಯದೆ ಉಳಿಯುತ್ತದೆ. ಈಚೆಗೆ, 2023ರಲ್ಲಿ, ಅದೇ ಕಸ್ತೂರಬಾ ರಸ್ತೆಯಲ್ಲಿ ಕಲೆ ಮತ್ತು ಛಾಯಾಚಿತ್ರಗಳ ಇನ್ನೊಂದು ಮ್ಯೂಸಿಯಂ ತೆರೆದಿದೆ. ಜನ ಮ್ಯಾಪ್ ಎನ್ನುತ್ತಾರೆ. ಅದರ ಹೊರಮೈಗೆ ಉಬ್ಬುಗೆರೆಯ ಉಕ್ಕಿನ ಫಲಕಗಳನ್ನು ಜೋಡಿಸಿದ್ದಾರೆ, ದೊಡ್ಡ ನೀರಿನ ಟ್ಯಾಂಕುಗಳಿಗೆ ಜೋಡಿಸುವಂಥವು. ಅದನ್ನು ಮೊದಲ ಸಲ ಕಂಡಾಗ ನನಗೆ 'ಇದು ನಮ್ಮನೆ ನೀರು' ಎಂದಿದ್ದ ಇವನದೇ ನೆನಪಾಯಿತು. ಫೋನ್ ಮಾಡಿ ಹೇಳಿದೆ, ನಕ್ಕ.

ನಾಲ್ಕೂವರೆ ಹೊತ್ತಿಗೆ ಮೆಟ್ರೊ ಹತ್ತಿ ಹುಡುಗನನ್ನು ಕರೆದುಕೊಳ್ಳಲು ಹೋದೆವು. ಪರೀಕ್ಷೆ ಮುಗಿಸಿ ಬಂದವರ ಗುಂಪಿನಲ್ಲಿ ಅವನನ್ನು ಹುಡುಕಿ, ಪ್ರಶ್ನೆಪತ್ರಿಕೆ ಹೇಗಿತ್ತೆಂದು ಕೇಳಿದರೆ, ಸಾಮಾನ್ಯ ಜ್ಞಾನದ್ದು ಸುಲಭ, ಇಂಗ್ಲಿಷು ಕಷ್ಟ ಎಂದ. ಅಪ್ಪ ಮೊಬೈಲು ತೆಗೆದು ನಾಯಿಯ ಫೋಟೋ ತೋರಿಸಿ, ತಕ್ಕೋಲದಿಂದ ಶುರುಮಾಡಿ ಕಥೆ ಹೇಳತೊಡಗಿದ. ಸಿಟಿ ರೈಲ್ವೆ ನಿಲ್ದಾಣದಲ್ಲಿ ಚಾಮುಂಡಿ ಎಕ್ಸ್‌ಪ್ರೆಸ್ಸಿನ ಡಬ್ಬಿ ಹತ್ತುವ ಹೊತ್ತಿಗೆ ಕಥೆ ಬೆಳ್ತೂರಿನ ಹಂದಿಯವರೆಗೆ ಬಂದಿತ್ತು. ಕಿಟಕಿ ಪಕ್ಕ ಜಾಗ ಹಿಡಿದು ಕೂತ ಮೇಲೆ ನನ್ನ ಕಡೆ ತಿರುಗಿದ.

"ಆ ಶಾಸನ ಅಚ್ಚಾಗಿರೋ ಪುಸ್ತಕ ನಿನ್ ತಾವ ಐತಾ?"

"ಲೈಬ್ರರೀಲಿದೆ. ಜೆರಾಕ್ಸ್ ಮಾಡಿಸಿ ಕಳಿಸ್ತೀನಿ."

"ಎರಡು ಪ್ರತಿ ಮಾಡ್ಸು. ಒಂದು ಆತಕೂರಿನ ಸ್ಕೂಲಿಗೆ. ಇನ್ನೊಂದು ಗುಡಿ ಪೂಜಾರಪ್ಪಂಗೆ. ಸಂಕ್ರಾಂತಿ ಕಳುದ್ಮೇಲೆ ಕಬ್ಬು ಕಡಿಸ್ತೀವಿ, ಆವಾಗ ನೀನೇ ತಕ್ಕೊಂಡು ಬಾ. ಚೆಲ್ಲೇಶ್ವರನ ಗುಡಿ ಮುಂದೆ ಕೂತ್ಕೊಂಡು ಇಬ್ರೂ ಓದವಾ."

ರೈಲು ಹೊರಟಿತು. ಮಾರನೆಯ ದಿನ ಆಫೀಸಿಗೆ ಹೋಗುವ ಮುಂಚೆಯೇ ನಾನು ಲೈಬ್ರರಿಯ ಬಾಗಿಲಲ್ಲಿ ನಿಂತಿದ್ದೆ.